ಲೇಖನಿಯನ್ನು ಕೆಳಗಿಟ್ಟ ವೈದ್ಯವಿದ್ಯಾರ್ಥಿ

ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಬಿಡುವಿನ ವೇಳೆಯಲ್ಲಿ ತಿರುವಿಹಾಕುವ ಅಭ್ಯಾಸವುಳ್ಳ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಎಲ್ಲಿಂದಲೋ ಒಂದು ಹೊಸ ಹೆಸರು ಕಾಣಿಸಿಕೊಳ್ಳುತ್ತದೆ. ಬರೆವಣಿಗೆಯಲ್ಲಿ ಲವಲವಿಕೆಯುಂಟು, ಮಾತಿನಲ್ಲಿ ಚಮತ್ಕಾರವುಂಟು. ಕೊನೆಯಲ್ಲಿ ‘ಮುಂದುವರಿಯುವುದು’ ಎಂದು ಅಚ್ಚಾಗಿರುತ್ತದೆ. ಮುಂದಿನ ಸಂಚಿಕೆಯಲ್ಲಿ ಮತ್ತೊಂದು ಕಂತು ಬರುತ್ತದೆ. ಆಮೇಲೆ ಆ ಹೆಸರೇ ಇಲ್ಲ. ಸಂಪಾದಕರನ್ನು ವಿಚಾರಿಸಿದರೆ, ಅವನು ಕಾಲೇಜಿನ ಹುಡುಗನೆಂದೂ, ಪರೀಕ್ಷೆ ಹತ್ತಿರವಾದುದರಿಂದ ಇನ್ನು ಬರೆಯಲಾರೆನೆಂದು ಒಂದು ಕಾಗದ ಹಾಕಿ ಸುಮ್ಮನಾದನೆಂದೂ ತಿಳಿಯಬರುತ್ತದೆ. ಅದರಲ್ಲಿಯೂ ವೈದ್ಯವನ್ನು ಓದುವವರು ಹೀಗೆ ಬೀಳ್ಕೊಂಡರೆ ಮರಳಿ ಬರುವುದು ಅಪರೂಪ. ಇಂಥ ಬೀಳ್ಕೊಡುಗೆಗಳನ್ನು ಸಾಹಿತ್ಯಕ್ಕೆ ಆದ ನಷ್ಟವೆಂದು ಎಣಿಸುವುದು ನಮ್ಮ ವಾಡಿಕೆ. ಆ ಎಣಿಕೆ ಯಾವಾಗಲೂ ಸರಿಯೇ ಎಂಬುದನ್ನು ವಿಚಾರಮಾಡುವುದಕ್ಕೆ ಅಮೆರಿಕದಲ್ಲಿ 1831ರಿಂದ 1857ರ ವರೆಗೆ ನಡೆದ ಒಂದು ಕಥೆ ಒದಗುತ್ತದೆ. ಅದನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಹೇಳಬೇಕೆಂದು ನಮ್ಮ ಉದ್ದೇಶ.

ಆಲಿವರ್ ವೆಂಡೆಲ್ ಹೋಮ್ಸನು 1809ನೆಯ ಇಸವಿ ಆಗಸ್ಟ್ 29ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಎಂಬ ಊರಿನಲ್ಲಿ ಹುಟ್ಟಿದನು. ಮುಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯಾಗಿ ಖ್ಯಾತಿಗೊಂಡ ಇದೇ ಹೆಸರಿನವನು ಈತನ ಮಗ. ಇಬ್ಬರನ್ನೂ ಒಬ್ಬನೆಂದು ತಿಳಿಯುವವರುಂಟಾದುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು. ತಂದೆಯು ಪಾದ್ರಿ; ಅಮೆರಿಕದ ಚರಿತ್ರೆಯನ್ನು ವರ್ಷಾನುಕ್ರಮವಾಗಿ ಬರೆದ ವಿದ್ವಾಂಸ. ಮನೆಯ ತುಂಬ ಪುಸ್ತಕಗಳು. ಹುಡುಗನು 1829ರಲ್ಲಿ ಹಾರ್ವರ್ಡ್ ಕಾಲೇಜಿನಿಂದ ಪದವಿಯನ್ನು ಪಡೆದು, ಒಂದು ವರ್ಷ ನ್ಯಾಯಶಾಸ್ತ್ರವನ್ನು ಓದಿದನು. ಓದಿದನೆನ್ನುವುದಕ್ಕಿಂತ, ಆ ವರ್ಷವೆಲ್ಲ ವಿದ್ಯಾರ್ಥಿಗಳ ಪತ್ರಿಕೆಯೊಂದಕ್ಕೆ ಪದ್ಯಗಳನ್ನು ಒದಗಿಸಿದನೆನ್ನುವುದು ಸತ್ಯಕ್ಕೆ ಹತ್ತಿರ. ಅಚ್ಚಿನ ಮೊಳೆಗಳ ಸೀಸವು ಆಗಲೇ ತನ್ನ ರಕ್ತವನ್ನು ಸೇರಿತೆಂದೂ, ಅಷ್ಟು ಬೇಗ ಮೈಗೇರುವ ವಿಷ ಮತ್ತೊಂದಿಲ್ಲವೆಂದೂ ಆತನೇ ಮುಂದೆ ನಕ್ಕು ಹೇಳಿಕೊಂಡಿದ್ದಾನೆ.

1830ರ ಸೆಪ್ಟೆಂಬರಿನಲ್ಲಿ ‘ಕಾನ್‌ಸ್ಟಿಟ್ಯೂಷನ್’ ಎಂಬ ಹಳೆಯ ಯುದ್ಧನೌಕೆಯನ್ನು ಒಡೆದುಹಾಕುವರೆಂಬ ಸುದ್ದಿ ಹಬ್ಬಿತು. ಇಪ್ಪತ್ತೊಂದು ವರ್ಷದ ಹೋಮ್ಸನು ಸಿಟ್ಟಿನಿಂದ ಕೆಲವು ಪದ್ಯಗಳನ್ನು ಬರೆದು ಬೋಸ್ಟನ್ನಿನ ದಿನಪತ್ರಿಕೆಯೊಂದಕ್ಕೆ ಕಳುಹಿದನು. ಊರೂರಿನ ಪತ್ರಿಕೆಗಳು ಅವನ್ನು ಎತ್ತಿಕೊಂಡು ಪ್ರಕಟಿಸಿದುವು. ಜನರು ಕೆರಳಿದರು, ನೌಕೆ ಉಳಿಯಿತು. ಇಂದಿಗೂ ಅದು ಬೋಸ್ಟನ್ ಬಂದರಿನಲ್ಲಿ ನೀರಿನ ಮೇಲಿದೆ. ಕವಿತೆಯಿಂದ ಒಂದು ಹಡಗನ್ನು ಉಳಿಸಿದವನೆಂಬ ಕೀರ್ತಿ ಆ ವಯಸ್ಸಿನಲ್ಲಿ ಬಂದರೆ ಯಾವ ತರುಣನಿಗೆ ತಲೆ ತಿರುಗದು?

ಆದರೆ ಅದೇ ಕಾಲದಲ್ಲಿ ಅವನು ನ್ಯಾಯಶಾಸ್ತ್ರವನ್ನು ಬಿಟ್ಟು ವೈದ್ಯದ ಅಭ್ಯಾಸಕ್ಕೆ ತೊಡಗಿದ್ದನು. ಬೋಸ್ಟನ್ನಿನಲ್ಲಿ ಡಾಕ್ಟರ್ ಜೇಮ್ಸ್ ಜಾಕ್ಸನ್ ಮೊದಲಾದವರು ನಡೆಸುತ್ತಿದ್ದ ಖಾಸಗಿ ಶಾಲೆಯಲ್ಲಿ ಪಾಠ, ಹಾರ್ವರ್ಡಿನಲ್ಲಿ ಉಪನ್ಯಾಸಗಳು, ಆಸ್ಪತ್ರೆಯಲ್ಲಿ ರೋಗಿಗಳ ದರ್ಶನ. ಈ ನಡುವೆ, 1831ರ ಜುಲೈ ತಿಂಗಳಿನಲ್ಲಿ, ಬಕಿಂಗ್‌ಹ್ಯಾಮ್ ಎಂಬ ತಂದೆಯೂ ಮಗನೂ ಸೇರಿ ‘ನ್ಯೂ ಇಂಗ್ಲೆಂಡ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದರ ನವೆಂಬರ್ ಸಂಚಿಕೆಯಲ್ಲಿ ‘ಉಪಾಹಾರದ ಮೇಜಿನ ಸರ್ವಾಧಿಕಾರಿ’ ಎಂಬ ಶಿರೋನಾಮೆಯ ಲೇಖನವೊಂದು ಕಾಣಿಸಿತು. ಬಾಡಿಗೆಯ ಊಟದ ಮನೆಯಲ್ಲಿ ಬೆಳಗಿನ ಹೊತ್ತು ಹತ್ತು ಜನ ಕುಳಿತಿರುವಾಗ ಮಿಕ್ಕವರಿಗೆ ಬಾಯಿ ತೆರೆಯಗೊಡದೆ ಒಬ್ಬನೇ ಮಾತಾಡುವನಲ್ಲವೆ, ಅಂಥವನ ಹರಟೆ. ಎರಡನೆಯ ಕಂತು 1832ರ ಫೆಬ್ರವರಿಯಲ್ಲಿ ಬಂದಿತು. ಮೂರನೆಯದು ಬರಲಿಲ್ಲ.

ಹೋಮ್ಸನು ಸಂಪಾದಕನಿಗೆ ಬೀಳ್ಕೊಡುಗೆಯ ಕಾಗದವನ್ನೇನೂ ಅಚ್ಚುಹಾಕಿಸಲಿಲ್ಲ. ಸರ್ವಾಧಿಕಾರಿಯು ಮಾತಿನ ನಡುವೆ ಎದ್ದು ಹೋದನು, ಅಷ್ಟೆ. ಮುಂದಿನ ವರ್ಷ, 1833ರ ವಸಂತದಲ್ಲಿ, ಅವನು ಪ್ಯಾರಿಸ್ಸಿಗೆ ಹಡಗು ಹತ್ತಿದನು.

ಆ ಕಾಲದಲ್ಲಿ ಪ್ಯಾರಿಸ್ ಎಂದರೆ ವೈದ್ಯವಿದ್ಯಾರ್ಥಿಗಳ ಕಾಶಿ. ಅಮೆರಿಕದಲ್ಲಿ ಶವಚ್ಛೇದನಕ್ಕೆ ಒಂದು ದೇಹ ದೊರೆಯುವುದೇ ಪ್ರಯಾಸವಾಗಿದ್ದಾಗ, ಅಲ್ಲಿ ಅಲ್ಪ ಹಣಕ್ಕೆ ಇಬ್ಬರು ವಿದ್ಯಾರ್ಥಿಗಳು ಸೇರಿ ಒಂದನ್ನು ಕೊಂಡು ದಿನವೆಲ್ಲ ಕುಳಿತು ಕತ್ತರಿಸಿ ಕಲಿಯಬಹುದಾಗಿತ್ತು. ಆಸ್ಪತ್ರೆಗಳಲ್ಲಿ ಸಾವಿರಾರು ಮಂಚಗಳು. ಪ್ರತಿಯೊಂದರ ಬಳಿಯೂ ಪಾಠ. ಹೋಮ್ಸನು ಮಸ್ಯೋ ಲ ಪ್ರಾಂಸ್ ಬೀದಿಯಲ್ಲಿ ಕೋಣೆ ಹಿಡಿದು, ಬೆಳಗಾಗುತ್ತಲೇ ಪಿಟಿಯೆ ಎಂಬ ಆಸ್ಪತ್ರೆಗೆ ಹೋಗಿ, ಪಿಯೆರ್ ಷಾರ್ಲ್ ಅಲೆಕ್ಸಾಂದ್ರ್ ಲೂಯಿ ಎಂಬ ಗುರುವಿನ ಹಿಂದೆ ಮಂಚದಿಂದ ಮಂಚಕ್ಕೆ ನಡೆಯುತ್ತಿದ್ದನು.

ಈ ಲೂಯಿಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುವಂತಿಲ್ಲ. ಅವನು ಒಳ್ಳೆಯ ವಾಗ್ಮಿಯಲ್ಲ, ಹೊಸ ಸಿದ್ಧಾಂತವನ್ನು ಕಟ್ಟಿದವನೂ ಅಲ್ಲ. ಅವನು ಎಣಿಸುತ್ತಿದ್ದನು, ಇಷ್ಟೇ ಅವನ ಹೊಸತನ. ಯಾವ ಜ್ವರವೇ ಆಗಲಿ, ಯಾವ ಊತವೇ ಆಗಲಿ, ರೋಗಿಯ ನರವನ್ನು ಸೀಳಿ ರಕ್ತವನ್ನು ಹರಿಸುವುದು ಶತಮಾನಗಳಿಂದ ಬಂದ ಚಿಕಿತ್ಸೆ. ಅದು ಗುಣಕಾರಿಯೆಂದು ಎಲ್ಲರೂ ಬಲ್ಲರು. ಏಕೆಂದರೆ ಎಲ್ಲ ಗುರುಗಳೂ ಹಾಗೆ ಹೇಳಿದ್ದರು. ಲೂಯಿಯು ಶ್ವಾಸಕೋಶದ ಊತದಿಂದ ಬಳಲಿದ 77 ರೋಗಿಗಳ ವಿವರವನ್ನು ಮುಂದಿಟ್ಟುಕೊಂಡು, ರೋಗವು ಎಷ್ಟನೆಯ ದಿನದಲ್ಲಿದ್ದಾಗ ಯಾರಿಗೆ ರಕ್ತ ತೆಗೆದರು, ಯಾರು ಉಳಿದರು, ಯಾರು ತೀರಿಕೊಂಡರು ಎಂದು ಪಟ್ಟಿ ಮಾಡಿದನು. ನಂಬಿದ್ದಷ್ಟು ಫಲ ಆ ಚಿಕಿತ್ಸೆಯಲ್ಲಿಲ್ಲವೆಂಬುದು ಪಟ್ಟಿಯಿಂದ ಕಂಡುಬಂದಿತು. ಇದನ್ನು ನೋಡಿ ಪ್ಯಾರಿಸ್ಸಿನ ದೊಡ್ಡವರು ಅನೇಕರು ಕೋಪಿಸಿಕೊಂಡರು. ಅಮೆರಿಕದಿಂದ ಬಂದ ಹುಡುಗರಿಗಾದರೋ ಕಣ್ಣು ತೆರೆದಂತಾಯಿತು.

ತಾನು ಅಲ್ಲಿ ಕಲಿತುದೇನೆಂಬುದನ್ನು ಹೋಮ್ಸನು ಮನೆಗೆ ಬರೆದ ಕಾಗದವೊಂದರಲ್ಲಿ ತಿಳಿಸಿದ್ದಾನೆ. ಪ್ರತ್ಯಕ್ಷವು ದೊರೆಯುವಾಗ ಆಪ್ತವಾಕ್ಯವನ್ನು ಹಿಡಿಯಬಾರದು, ತಿಳಿಯಬಹುದಾದಲ್ಲಿ ಊಹಿಸಬಾರದು, ಮನುಷ್ಯನಿಗೆ ಕಾಯಿಲೆಯಾದ ಮಾತ್ರಕ್ಕೆ ಔಷಧವನ್ನು ನುಂಗಲೇಬೇಕೆಂದು ಭಾವಿಸಬಾರದು, ಇದು ಅದರ ತಾತ್ಪರ್ಯ. ಮಾತಿನ ಮಿಂಚಿನಿಂದಲೇ ಗೆದ್ದು ಅಭ್ಯಾಸವಾಗಿದ್ದ ತರುಣನಿಗೆ ಇದು ಕಹಿಯಾದ ಪಥ್ಯವೇ ಸರಿ. ಉಪಾಹಾರದ ಮೇಜಿನ ಸರ್ವಾಧಿಕಾರಿಯು ಕಾಣದುದನ್ನೂ ಕಂಡಂತೆ ಹೇಳಬಲ್ಲನು. ಲೂಯಿಯ ಶಿಷ್ಯನು ಕಂಡುದನ್ನು ಮಾತ್ರ ಬರೆದುಕೊಳ್ಳಬೇಕು. ಒಂದೇ ತಲೆಯಲ್ಲಿ ಇವರಿಬ್ಬರೂ ಕೂಡಿ ಬಾಳುವುದು ಹೇಗೆ? ಆ ಲೇಖನಮಾಲೆ ನಿಂತುದಕ್ಕೆ ವೇಳೆಯ ಅಭಾವವೊಂದೇ ಕಾರಣವಾಗಿರಲಿಲ್ಲವೆಂದು ನಮಗೆ ತೋರುತ್ತದೆ.

1835ರ ಡಿಸೆಂಬರಿನಲ್ಲಿ ಅವನು ಸ್ವದೇಶಕ್ಕೆ ಮರಳಿದನು. 1836ರಲ್ಲಿ, ಹೃದಯದ ಹೊರಪೊರೆಯ ಊತವನ್ನು ಕುರಿತು ಪ್ರಬಂಧವನ್ನೊಪ್ಪಿಸಿ, ಹಾರ್ವರ್ಡಿನಿಂದ ವೈದ್ಯಪದವಿಯನ್ನು ಪಡೆದನು.

ಪರೀಕ್ಷೆಯ ಮಾತು ಬಂದುದರಿಂದ ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡಬಹುದು. ಆ ಕಾಲೇಜಿನ ವೈದ್ಯಪರೀಕ್ಷೆಯು ಬಹಳ ಕಾಲ ಬಾಯಿಮಾತಿನದಾಗಿತ್ತು. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್ಟನು ಅದನ್ನು ಬರೆವಣಿಗೆಯ ಪರೀಕ್ಷೆಯಾಗಿ ಮಾಡಬೇಕೆಂದಾಗ, ಶಸ್ತ್ರವೈದ್ಯದ ಹಿರಿಯ ಪ್ರಾಧ್ಯಾಪಕನೊಬ್ಬನು, ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬರೆಯುವುದೇ ಸರಿಯಾಗಿ ಬಾರದು, ಇನ್ನು ಬರೆದು ತೇರ್ಗಡೆಯಾಗುವುದೆಲ್ಲಿ ಬಂತು ಎಂದು ಆಕ್ಷೇಪಿಸಿದನೆಂದು ಎಲಿಯಟ್ಟನೇ ಮುಂದೆ ಸ್ಮರಿಸಿಕೊಂಡಿದ್ದಾನೆ. ಅಂತು, ಲೇಖನಿಯನ್ನು ಬಲ್ಲ ವೈದ್ಯವಿದ್ಯಾರ್ಥಿ ಅಲ್ಲಿ ಅಂದು ಎಷ್ಟು ದುರ್ಲಭವಾಗಿದ್ದನೆಂಬುದು ಇದರಿಂದ ಗೊತ್ತಾಗುತ್ತದೆ.

ಪದವಿ ಬಂದ ವರ್ಷವೇ ಹೋಮ್ಸನ ಮೊದಲನೆಯ ಕವಿತಾಸಂಗ್ರಹವೂ ಹೊರಬಿದ್ದಿತು. 1832ರಲ್ಲಿ ಬಾಯಿಬಿಟ್ಟು ಹೇಳದ ಬೀಳ್ಕೊಡುಗೆಯನ್ನು ಅವನು ಅದರ ಮುನ್ನುಡಿಯಲ್ಲಿ ಹೇಳಿದನು. ತಾನು ಬೇರೆ ಕರ್ತವ್ಯಗಳಲ್ಲಿ ತೊಡಗಿರುವುದರಿಂದ ಇನ್ನು ಹೆಚ್ಚು ಶಾಂತವಾದ ಕೆಲಸಗಳಿಗೆ ಸಂತೋಷದಿಂದ ಹಿಂದಿರುಗುವೆನೆಂದೂ, ಅವು ಕವಿತೆಯಷ್ಟು ಉತ್ಸಾಹಕರವಲ್ಲದಿದ್ದರೂ ಉಪಯುಕ್ತವೆಂದು ಜನರ ಕೃತಜ್ಞತೆಯನ್ನು ಪಡೆಯುವುದು ಹೆಚ್ಚು ನಿಶ್ಚಯವೆಂದೂ, ತನ್ನ ಆಸೆಗಳನ್ನೆಲ್ಲ ಒಂದೇ ದಾಳದ ಮೇಲೆ ಒಡ್ಡದಿದ್ದುದರಿಂದ ನೆಮ್ಮದಿಯಾಗಿ ನಿದ್ದೆಮಾಡಬಲ್ಲೆನೆಂದೂ ಆ ಮಾತುಗಳ ಭಾವ.

ಇದನ್ನು ಓದಿದಾಗ ಇಂಗ್ಲೆಂಡಿನ ಕವಿ ಕೀಟ್ಸನ ನೆನಪಾಗದಿರದು. ಅವನೂ ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ಕಲಿತವನು. 1816ನೆಯ ಜುಲೈ 25ರಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಪಾತಿಕರಿಯೆಂದು ಚಿಕಿತ್ಸೆಮಾಡುವ ಹಕ್ಕನ್ನು ಪಡೆದವನು. ಆದರೆ ಅವನು ಕೈಬಿಟ್ಟದ್ದು ವೈದ್ಯವನ್ನು. ಎಲ್ಲವನ್ನೂ ಒಂದೇ ದಾಳದ ಮೇಲೆ ಒಡ್ಡಿದವನವನು. ಗೆದ್ದನೆಂಬುದು ಅವನಿಗೆ ತಿಳಿಯದೆಯೇ 1821ರಲ್ಲಿ ತೀರಿಕೊಂಡನು. ಇಬ್ಬರಲ್ಲಿ ದೊಡ್ಡ ಕವಿ ಯಾರೆಂಬ ವಿಚಾರದಲ್ಲಿ ವಾದವಿಲ್ಲ. ಹೋಮ್ಸನು ಪದ್ಯವನ್ನು ಪೂರ್ತಿಯಾಗಿ ಬಿಡಲೂ ಇಲ್ಲ. ಗೆಳೆಯರ ಔತಣಕ್ಕೆ, ಕಾಲೇಜಿನ ಉತ್ಸವಕ್ಕೆ, ಯಾರಾದರೂ ಕೇಳಿದರೆ ನಾಲ್ಕು ಪದ್ಯಗಳನ್ನು ಹೊಸೆದುಕೊಡುತ್ತಿದ್ದನು. ನಗಿಸುವ ವೈದ್ಯನನ್ನು ರೋಗಿಗಳು ನಂಬುವುದಿಲ್ಲವಷ್ಟೆ. ಅವನ ವೃತ್ತಿ ಬೆಳೆಯಲಿಲ್ಲ. ಸಣ್ಣಪುಟ್ಟ ಜ್ವರಗಳಾದರೂ ಬಂದರೆ ಉಪಕಾರವಾದೀತೆಂದು ಬಾಗಿಲಲ್ಲಿ ಬರೆದುಹಾಕುತ್ತೇನೆಂದು ತಮಾಷೆ ಮಾಡಿದನೆಂದು ಪ್ರತೀತಿ. ಆದರೆ ಮಾಸಪತ್ರಿಕೆಯ ಆ ಹರಟೆ ಮಾತ್ರ ನಿಂತದ್ದು ನಿಂತೇ ಇತ್ತು. ಅದಕ್ಕೆ ಹೋಗಬೇಕಾಗಿದ್ದ ಗದ್ಯಶಕ್ತಿಯು ಎಲ್ಲಿ ಹೋಯಿತೆಂಬುದನ್ನು ನೋಡಬೇಕಾದರೆ 1843ನೆಯ ಇಸವಿಗೆ ಬರಬೇಕು.

ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ತಾಯಿಗೆ ಚಳಿಜ್ವರವೇರಿ, ಹೊಟ್ಟೆ ಉಬ್ಬಿ, ವಾರದೊಳಗೆ ಪ್ರಾಣ ಹೋಗುವ ಬಾಣಂತಿಜ್ವರವು ಆ ಕಾಲದ ಮನೆಗಳಿಗೆ ಪರಿಚಿತವಾದ ಭೀತಿ. ಅದಕ್ಕೆ ಗಾಳಿಯ ಕೆಡುಕು, ಹಾಲಿನ ವಿಕಾರ, ಮನಸ್ಸಿನ ಕಳವಳ, ದೈವಸಂಕಲ್ಪ ಮೊದಲಾಗಿ ನಾನಾ ಕಾರಣಗಳನ್ನು ಹೇಳುತ್ತಿದ್ದರು. ಹೀಗಿರುವಲ್ಲಿ ಬೋಸ್ಟನ್ನಿನ ವೈದ್ಯರ ಸಭೆಯೊಂದರ ಮುಂದೆ ಒಂದು ಪ್ರಕರಣವು ಬಂದಿತು. ಈ ಜ್ವರದಿಂದ ಸತ್ತ ಹೆಂಗಸೊಬ್ಬಳ ಶವವನ್ನು ಪರೀಕ್ಷಿಸಿದ ವೈದ್ಯನೊಬ್ಬನು ವಾರದೊಳಗೆ ತಾನೇ ತೀರಿಕೊಂಡನು. ಆ ನಡುವಿನ ದಿನಗಳಲ್ಲಿ ಅವನು ಹೆರಿಗೆ ಮಾಡಿಸಿದ ಹೆಂಗಸರೆಲ್ಲರೂ ಅದೇ ಜ್ವರಕ್ಕೆ ತುತ್ತಾದರು. ಇದು ಕಾಕತಾಳೀಯವೋ ಅಲ್ಲವೋ ಎಂಬ ಪ್ರಶ್ನೆಯೆದ್ದಿತು.

ಹೋಮ್ಸನಿಗೆ ಆಗ ಮೂವತ್ಮೂರು ವರ್ಷ. ಅವನು ಸೂತಿಕಾವೈದ್ಯನಲ್ಲ. ಅವನು ಮಾಡಿದ್ದು ಲೂಯಿಯಿಂದ ಕಲಿತ ಕೆಲಸ: ಹಳೆಯ ಗ್ರಂಥಗಳನ್ನು ಹುಡುಕಿದನು, ವೈದ್ಯರಿಗೆ ಕಾಗದ ಬರೆದು ಅವರವರ ಅನುಭವವನ್ನು ಕೇಳಿ ತರಿಸಿಕೊಂಡನು, ಎಲ್ಲವನ್ನೂ ಸಾಲಾಗಿ ಜೋಡಿಸಿದನು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದ ಅಲೆಕ್ಸಾಂಡರ್ ಗಾರ್ಡನ್ ಎಂಬವನು 1795ರಲ್ಲಿಯೇ, ಈ ಜ್ವರವನ್ನು ಸೂಲಗಿತ್ತಿಯರೂ ವೈದ್ಯರೂ ಒಬ್ಬಳಿಂದ ಇನ್ನೊಬ್ಬಳಿಗೆ ಒಯ್ಯುತ್ತಾರೆಂದು ಬರೆದು, ತಾನೂ ಹಾಗೆ ಒಯ್ದವನೆಂದು ಒಪ್ಪಿಕೊಂಡಿದ್ದನು. ಊರಿನಲ್ಲಿ ಹತ್ತು ಮಂದಿ ವೈದ್ಯರಿದ್ದರೆ ಒಂಬತ್ತು ಮಂದಿಯ ಬಾಣಂತಿಯರು ಕ್ಷೇಮವಾಗಿರುತ್ತಾರೆ. ಹತ್ತನೆಯವನು ಹೋದ ಮನೆಮನೆಯಲ್ಲಿಯೂ ಸಾವು. ಇಂಥ ಸರಣಿಗಳು ಒಂದಾದಮೇಲೊಂದು ಹೋಮ್ಸನ ಲೇಖನದಲ್ಲಿ ಬರುತ್ತವೆ. ಎಲ್ಲಿಯೂ ಅಳುಮೋರೆಯಿಲ್ಲ, ಅಲಂಕಾರವಿಲ್ಲ. ಓದುತ್ತ ಹೋದಂತೆ ಓದುವವನ ಕೈ ತಣ್ಣಗಾಗುತ್ತದೆ.

1843ನೆಯ ಫೆಬ್ರವರಿ 13ರಂದು ಅವನು ಈ ಪ್ರಬಂಧವನ್ನು ಸಭೆಯಲ್ಲಿ ಓದಿದನು. ಅದರ ಕೊನೆಯಲ್ಲಿ ವೈದ್ಯರಿಗೆ ಕೆಲವು ನಿಯಮಗಳನ್ನು ವಿಧಿಸಿದ್ದಾನೆ. ಹೆರಿಗೆಗೆ ಹೋಗುವ ವೈದ್ಯನು ಬಾಣಂತಿಜ್ವರದಿಂದ ಸತ್ತವರ ಶವಪರೀಕ್ಷೆಯಲ್ಲಿ ಕೈಹಾಕಬಾರದು. ಅಲ್ಲಿ ಇದ್ದುದಾದರೆ ಚೆನ್ನಾಗಿ ಮೈಕೈ ತೊಳೆದು, ಉಟ್ಟ ಬಟ್ಟೆಯನ್ನೆಲ್ಲ ಬದಲಾಯಿಸಿ, ಒಂದು ಹಗಲೂ ಒಂದು ರಾತ್ರಿಯೂ ಕಳೆದಮೇಲೆಯೇ ಹೆರಿಗೆಯ ಮನೆಗೆ ಕಾಲಿಡಬೇಕು. ತನ್ನ ಕೈಯಲ್ಲಿ ಸ್ವಲ್ಪ ಕಾಲದೊಳಗೆ ಇಂಥ ಎರಡು ಜ್ವರಗಳು ಕಂಡರೆ ಕಡಮೆಯೆಂದರೆ ಒಂದು ತಿಂಗಳು ಆ ಕೆಲಸವನ್ನೇ ಬಿಡಬೇಕು. ಇಷ್ಟನ್ನು ತಿಳಿದಮೇಲೆಯೂ ಒಬ್ಬ ವೈದ್ಯನ ಹಿಂದೆ ಈ ಜ್ವರವು ಸಾಲುಸಾಲಾಗಿ ಬಂದರೆ ಅದನ್ನು ದುರದೃಷ್ಟವೆನ್ನಬಾರದು, ಅಪರಾಧವೆನ್ನಬೇಕು. ಕಾಲು ತೊಳೆಯದೆ ಬಾಣಂತಿಯ ಕೋಣೆಗೆ ಯಾರನ್ನೂ ಬಿಡದ ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಇದರಲ್ಲಿ ಅಷ್ಟೇನೂ ವಿಚಿತ್ರ ಕಾಣಲಾರದು. ವೈದ್ಯರಿಗೆ ಮಾತ್ರ ಇದು ನುಂಗಲಾರದ ತುತ್ತಾಯಿತು.

ಆ ಪ್ರಬಂಧವು ಏಪ್ರಿಲಿನಲ್ಲಿ ಅಚ್ಚಾದ ಪತ್ರಿಕೆ ಒಂದೇ ವರ್ಷ ಬದುಕಿದ್ದುದರಿಂದ ಓದಿದವರು ಕೆಲವರೇ. ಓದಿದವರಲ್ಲಿ ಫಿಲಡೆಲ್ಫಿಯದ ಇಬ್ಬರು ಪ್ರಾಧ್ಯಾಪಕರು, ಹಾಜ್ ಮತ್ತು ಮೇಗ್ಸ್ ಎಂಬವರು, ಸೂತಿಕಾಶಾಸ್ತ್ರದಲ್ಲಿ ದೇಶಕ್ಕೇ ಪ್ರಮಾಣರಾದವರು. ಮೊದಲನೆಯವನು 1852ರಲ್ಲಿ ಈ ಜ್ವರವು ಅಂಟುಜಾಡ್ಯವಲ್ಲವೆಂದು ತನ್ನ ವಿದ್ಯಾರ್ಥಿಗಳಿಗೆ ಉಪನ್ಯಾಸ ಮಾಡಿದನು. ಎರಡನೆಯವನು 1854ರ ತನ್ನ ಗ್ರಂಥದಲ್ಲಿ, ಇವೆಲ್ಲ ಎರಡನೆಯ ವರ್ಷದ ಕಾಲೇಜು ಹುಡುಗರ ಸತ್ತ್ವವಿಲ್ಲದ ಕನಸುಗಳೆಂದು ಹಾಸ್ಯಮಾಡಿದನು. ವೈದ್ಯನು ಸದ್ಗೃಹಸ್ಥ, ಸದ್ಗೃಹಸ್ಥನ ಕೈ ಶುದ್ಧವಾದದ್ದು ಎಂಬುದು ಅವನ ವಾದ. ಹೋಮ್ಸನು 1855ರಲ್ಲಿ ತನ್ನ ಪ್ರಬಂಧವನ್ನು ಒಂದು ಅಕ್ಷರವನ್ನೂ ತಿದ್ದದೆ ಪುಸ್ತಿಕೆಯಾಗಿ ಪುನಃ ಮುದ್ರಿಸಿ, ಅದಕ್ಕೊಂದು ಪೀಠಿಕೆಯನ್ನು ಸೇರಿಸಿದನು. ಹಾಸ್ಯದಲ್ಲಿ ಅವನನ್ನು ಮೀರಿಸುವವರು ಆಗ ಬೋಸ್ಟನ್ನಿನಲ್ಲಿ ಇರಲಿಲ್ಲ. ಮೇಗ್ಸನ ಮಾತಿಗೆ ಹತ್ತರಷ್ಟು ತೀಕ್ಷ್ಣವಾದ ಉತ್ತರವನ್ನು ಕೊಡಬಲ್ಲವನಾಗಿದ್ದನು. ಕೊಡಲಿಲ್ಲ. ಎಳೆಗೂಸನ್ನು ಎದೆಗವಚಿಕೊಂಡ ತಾಯಿಯ ಹಾಸುಗೆಯ ಮೇಲೆ ನಿಂತು ತಾನು ಯಾರೊಡನೆಯೂ ಜಗಳವಾಡಲಾರೆನೆಂದನು. ತನ್ನ ಮಾನಾಪಮಾನವು ಮುಖ್ಯವಲ್ಲ, ಆ ಇಬ್ಬರು ಗುರುಗಳ ಮಾತನ್ನು ಕೇಳಿ ಊರೂರಿಗೆ ಹೋಗುವ ವಿದ್ಯಾರ್ಥಿಗಳೇನು ಮಾಡಿಯಾರೆಂಬುದು ಮುಖ್ಯವೆಂದನು.

ವಿಯೆನ್ನಾದಲ್ಲಿ ಇಗ್ನಾಜ್ ಸೆಮ್ಮೆಲ್ವೈಸನು 1847ರಲ್ಲಿ, ಸುಣ್ಣದ ಕ್ಲೋರೈಡಿನ ನೀರಿನಲ್ಲಿ ಕೈ ತೊಳೆಯಿಸಿ ಈ ಸಾವುಗಳನ್ನು ಇಳಿಸಿದನು. ಪ್ರಯೋಗದಿಂದ ಸಿದ್ಧಮಾಡಿ ತೋರಿಸಿದ ಹಿರಿಮೆ ಅವನದು; ಅದನ್ನು ಹೋಮ್ಸನಿಗೆ ಕಟ್ಟಬಾರದು. ಆದರೆ ಸೆಮ್ಮೆಲ್ವೈಸನು ಬಹುಕಾಲ ಬರೆಯಲಿಲ್ಲ. ಅವನ ಗ್ರಂಥ ಹೊರಬಂದುದು 1861ರಲ್ಲಿ. ಓದುವುದಕ್ಕೆ ಕಷ್ಟವಾದ ಗ್ರಂಥವದು. ಬೋಸ್ಟನ್ನಿನವನಿಗೆ ಬರೆಯುವುದು ಬರುತ್ತಿತ್ತು. ಎರಡು ಕಂತು ಹರಟೆಯನ್ನು ಬರೆದು ನಿಲ್ಲಿಸಿದವನ ಕೈಯಲ್ಲಿ, ಹನ್ನೊಂದು ವರ್ಷದಮೇಲೆ, ಅದೇ ಗದ್ಯವು ಹೀಗೆ ಕೆಲಸಕ್ಕೆ ಬಂದಿತು. ಹರಟೆ ಮುಂದುವರಿದಿದ್ದರೆ ಹೀಗಾಗುತ್ತಿತ್ತೆ? ಲೂಯಿಯ ಆಸ್ಪತ್ರೆಯನ್ನು ಕಾಣದ ಹೋಮ್ಸನು ಆ ಪ್ರಬಂಧವನ್ನು ಬರೆಯುತ್ತಿದ್ದನೆಂದು ನಾವು ನಂಬಲಾರೆವು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಹೋಮ್ಸನಿಗೆ ಒಳ್ಳೆಯ ಹೆಸರು. ಆದರೆ ಅದೇ ಬೋಸ್ಟನ್ನಿಗೆ, ವೈದ್ಯಕ್ಕಾಗಿ ಲೇಖನಿಯನ್ನು ಕೆಳಗಿಟ್ಟ ಇನ್ನೊಬ್ಬ ವಿದ್ಯಾರ್ಥಿಯು 1850ರಲ್ಲಿ ಬಂದನು. ಅವನನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಮಾರ್ಟಿನ್ ಡಿಲೇನಿಯು 1812ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದ ಕರಿಯ ಜನಾಂಗದವನು. ತಂದೆಯು ಗುಲಾಮ, ತಾಯಿಯು ಸ್ವತಂತ್ರಳು. ಕರಿಯರ ಮಕ್ಕಳಿಗೆ ಓದು ಕಲಿಸುವುದು ಅಲ್ಲಿ ನಿಷಿದ್ಧವಾಗಿತ್ತು. ಮಕ್ಕಳು ಅಕ್ಷರ ಕಲಿತುದು ಬಯಲಾದುದರಿಂದ ತಾಯಿಯು ಅವರನ್ನು ಕಟ್ಟಿಕೊಂಡು 1822ರಲ್ಲಿ ಪೆನ್ಸಿಲ್ವೇನಿಯಕ್ಕೆ ಹೋದಳು. ಹೋಮ್ಸನು ಪ್ಯಾರಿಸ್ಸಿಗೆ ಹೊರಟ 1833ರಲ್ಲಿಯೇ ಡಿಲೇನಿಯು ಪಿಟ್ಸ್‌ಬರ್ಗಿನ ವೈದ್ಯನೊಬ್ಬನ ಬಳಿ ಶಿಷ್ಯನಾಗಿ ನಿಂತು, ಕೊಂಬು ಹಾಕಿ ರಕ್ತವೆಳೆಯುವುದು, ಜಿಗಣೆ ಹಚ್ಚುವುದು ಮೊದಲಾದುವನ್ನು ಕಲಿತನು. 1843ರಲ್ಲಿ ‘ಮಿಸ್ಟರಿ’ ಎಂಬ ಪತ್ರಿಕೆಯನ್ನು ಹೊರಡಿಸಿದನು. 1847ರ ಕೊನೆಯಲ್ಲಿ ಫ್ರೆಡರಿಕ್ ಡಗ್ಲಸನು ‘ನಾರ್ತ್ ಸ್ಟಾರ್’ ಎಂಬ ಪತ್ರಿಕೆಯನ್ನು ಪ್ರಾರಂಭಿಸಿದಾಗ ಅದರ ಸಹಸಂಪಾದಕನಾದನು. ಊರೂರು ತಿರುಗಿ, ಚಂದಾ ಕೂಡಿಸಿ, ಹೋದಲ್ಲಿಂದ ಲೇಖನಗಳನ್ನು ಕಳುಹಿಸಿದನು. ಗುಲಾಮಗಿರಿಯನ್ನು ಕುರಿತ ಬಹಿರಂಗ ವಾದವು ಕಾವೇರಿದ್ದ ಆ ಹೊತ್ತಿನಲ್ಲಿ, 1849ರಲ್ಲಿ, ಆ ಲೇಖನಿಯನ್ನೂ ಬಿಟ್ಟನು. ಅವನಿಗೆ ವಿಧಿವತ್ತಾಗಿ ವೈದ್ಯಪದವಿ ಬೇಕಾಗಿತ್ತು. ಫಿಲಡೆಲ್ಫಿಯದ ಶಾಲೆಗಳು ಮೊದಲಾಗಿ ಹಲವು ಕಡೆ ಬಾಗಿಲು ಮುಚ್ಚಿದುವು. ಹಾರ್ವರ್ಡ್ ತೆರೆಯಿತು. ಅಲ್ಲಿ ಆಗ ವೈದ್ಯಶಾಲೆಯ ಡೀನ್ ಆಗಿದ್ದವನು ಹೋಮ್ಸ್.

ಡಿಲೇನಿಗೆ ಆಗ ಮೂವತ್ತೆಂಟು ವರ್ಷ. ಅವನೊಡನೆ ಇನ್ನಿಬ್ಬರು ಕರಿಯ ವಿದ್ಯಾರ್ಥಿಗಳಿಗೂ ಪ್ರವೇಶ ದೊರೆಯಿತು. ಹ್ಯಾರಿಯಟ್ ಹಂಟ್ ಎಂಬ ಹೆಂಗಸು ಉಪನ್ಯಾಸಗಳನ್ನು ಕೇಳಲು ಅನುಮತಿ ಬೇಡಿದಾಗ ಅದಕ್ಕೂ ಸಮ್ಮತಿ ಸಿಕ್ಕಿತು. ಇದರಲ್ಲಿ ಡೀನನ ಉದಾರಬುದ್ಧಿಯೇ ಕೆಲಸಮಾಡಿತೆಂದು ಹೇಳಬಹುದು. ಆದರೆ ಡಿಸೆಂಬರ್ ತಿಂಗಳಿನಲ್ಲಿ ಬಿಳಿಯ ವಿದ್ಯಾರ್ಥಿಗಳು ಸಭೆ ಸೇರಿ ಪ್ರತಿಭಟನೆಯ ನಿರ್ಣಯಗಳನ್ನು ಮಾಡಿದರು. ಇವರೊಡನೆ ಒಂದೇ ಬೆಂಚಿನಲ್ಲಿ ಕುಳಿತರೆ ತಮ್ಮ ಪದವಿಯ ಬೆಲೆ ಕುಂದುವುದೆಂಬುದು ಅವರ ದೂರು. ಅದಕ್ಕೆ ವಿರುದ್ಧವಾಗಿ ಕರಿಯರ ಪರವಾಗಿ ಸಹಿಮಾಡಿದ ವಿದ್ಯಾರ್ಥಿಗಳೂ ಇದ್ದರೆಂಬುದನ್ನು ಮರೆಯಬಾರದು. ಹಂಟ್ ತಾನಾಗಿ ಹಿಂದೆ ಸರಿದಳು. ಅಧ್ಯಾಪಕರು ಕೂಡಿ, ಆ ಮೂವರು ಹಿಡಿದ ಅವಧಿಯನ್ನು ಮುಗಿಸಿ ಹೋಗಲಿ, ಮುಂದೆ ಬರುವುದು ಬೇಡವೆಂದು ನಿರ್ಣಯಿಸಿದರು. ಆ ನಿರ್ಣಯವನ್ನು ಕಾಗದದಲ್ಲಿ ತಿಳಿಸುವ ಕೆಲಸ ಡೀನನದಾಯಿತು. ಹಡಗನ್ನು ಉಳಿಸಿದ ಲೇಖನಿ, ಫಿಲಡೆಲ್ಫಿಯದ ಪ್ರಾಧ್ಯಾಪಕರಿಗೆ ಅಂಜದ ಲೇಖನಿ, ತನ್ನದೇ ಶಾಲೆಯ ಹುಡುಗರಿಗೆ ಅಂಜಿತು. ಕಾಲಧರ್ಮವೆಂದು ಇದನ್ನು ಕ್ಷಮಿಸುವವರಿದ್ದಾರೆ. ಅದೇ ಕಾಲದಲ್ಲಿ, ಅದೇ ಕೊಠಡಿಯಲ್ಲಿ, ಎದುರು ಸಹಿಮಾಡಿದವರಿದ್ದಾಗ ಆ ಸಮಾಧಾನವು ನಮಗೆ ಒಪ್ಪಿಗೆಯಾಗುವುದಿಲ್ಲ.

ಡಿಲೇನಿಯ ಕೊನೆಯ ಪರೀಕ್ಷೆ ನಡೆಯಲೇ ಇಲ್ಲ. ಅವನು ಪಿಟ್ಸ್‌ಬರ್ಗಿಗೆ ಮರಳಿ, ಪದವಿಯಿಲ್ಲದೆಯೇ ವೈದ್ಯ ಮಾಡಿದನು. 1854ರಲ್ಲಿ ಆ ಊರಿಗೆ ಕಾಲರಾ ಬಂದು ಅನೇಕ ವೈದ್ಯರು ಊರು ಬಿಟ್ಟಾಗ ಅವನು ಅಲ್ಲಿಯೇ ನಿಂತು ರೋಗಿಗಳನ್ನು ನೋಡಿದನು. ಕೆಳಗಿಟ್ಟ ಲೇಖನಿಯನ್ನು ಪುನಃ ಎತ್ತಿಕೊಂಡುದು ಹಾರ್ವರ್ಡನ್ನು ಬಿಟ್ಟ ಮರುವರ್ಷವೇ. ಅಮೆರಿಕದ ಕರಿಯ ಜನರ ಸ್ಥಿತಿಗತಿಗಳನ್ನು ಕುರಿತು 1852ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಆ ದೇಶದ ಬಿಳಿಯರ ನ್ಯಾಯಬುದ್ಧಿಯ ಮೇಲೆ ಅವನಿಗೆ ನಂಬಿಕೆಯುಳಿದಿರಲಿಲ್ಲವೆಂಬುದು ಪುಟಪುಟದಲ್ಲಿಯೂ ಕಾಣುತ್ತದೆ. ಮುಂದೆ ಒಂದು ಕಾದಂಬರಿಯನ್ನೂ ಬರೆದನು. 1865ರಲ್ಲಿ ಅಮೆರಿಕದ ಸೈನ್ಯದಲ್ಲಿ ಮೇಜರ್ ಪದವಿಗೇರಿದನು. 1885ರಲ್ಲಿ ತೀರಿಕೊಂಡನು.

ಇನ್ನು ಉಪಾಹಾರದ ಮೇಜಿಗೆ ಬರೋಣ. 1857ರಲ್ಲಿ ಬೋಸ್ಟನ್ನಿನಲ್ಲಿ ಹೊಸದೊಂದು ಮಾಸಪತ್ರಿಕೆಯ ಏರ್ಪಾಡಾಯಿತು. ಕವಿ ಲೋವೆಲ್ಲನು ಸಂಪಾದಕನಾಗಬೇಕೆಂದು ಕೇಳಿದಾಗ, ಹೋಮ್ಸನು ಬರೆಯುವುದಾದರೆ ಮಾತ್ರ ಒಪ್ಪುವೆನೆಂದು ಅವನು ಹಟಹಿಡಿದನು. ಹೋಮ್ಸನು ಆಗ ಹಾರ್ವರ್ಡಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ, ವಯಸ್ಸು ನಲವತ್ತೆಂಟು. ತನ್ನಂಥ ಹಳಬನನ್ನು ಯಾರು ಓದುವರೆಂದು ಮೊದಲು ಸಂಕೋಚಪಟ್ಟನು. ಪತ್ರಿಕೆಗೆ ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಹೆಸರನ್ನು ಸೂಚಿಸಿದವನು ಅವನೇ. ನವೆಂಬರಿನ ಮೊದಲನೆಯ ಸಂಚಿಕೆಯಲ್ಲಿ ‘ಉಪಾಹಾರದ ಮೇಜಿನ ಸರ್ವಾಧಿಕಾರಿ’ ಮತ್ತೆ ಕಾಣಿಸಿಕೊಂಡನು. ಬಾಯಿ ತೆರೆದ ಕೂಡಲೇ, ತಾನೇನೋ ಹೇಳಲಿದ್ದಾಗ ನಡುವೆ ಯಾರೋ ತಡೆದರೆಂಬ ಧಾಟಿಯಲ್ಲಿ, ನಿನ್ನೆ ಬಿಟ್ಟ ಮಾತನ್ನು ಇಂದು ಹಿಡಿದುಕೊಂಡವನಂತೆ, ಆರಂಭಿಸಿದನು. ತಡೆದದ್ದು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಕಾಲ.

ಮಾತು ಅದೇ ಹರಟೆ. ಆಡುವವನು ಮಾತ್ರ ಅವನೇ ಅಲ್ಲ. ಅಂಗರಚನೆಯನ್ನು ಬಲ್ಲವನ ಕಣ್ಣು, ಸಾವನ್ನು ಹತ್ತಿರದಿಂದ ಕಂಡವನ ಮೃದುತ್ವ, ಎಣಿಸದೆ ಹೇಳಬಾರದೆಂಬ ಎಚ್ಚರ, ಇವೆಲ್ಲ ನಗೆಯೊಳಗೆ ಸೇರಿಕೊಂಡಿವೆ. ಪತ್ರಿಕೆಯನ್ನು ಮೊದಲ ವರ್ಷಗಳಲ್ಲಿ ಎತ್ತಿ ನಿಲ್ಲಿಸಿದ್ದು ಆ ಲೇಖನಮಾಲೆಯೇ ಎನ್ನುತ್ತಾರೆ. 1858ರಲ್ಲಿ ಅದು ಪುಸ್ತಕವಾಯಿತು. ಇಂದಿಗೂ ಅದನ್ನು ಓದುವವರಿದ್ದಾರೆ. ‘ನ್ಯೂ ಇಂಗ್ಲೆಂಡ್ ಮ್ಯಾಗಜೀನ್’ ಆ ವೇಳೆಗೆ ನಿಂತು ಇಪ್ಪತ್ತೆರಡು ವರ್ಷಗಳಾಗಿದ್ದುವು. ಅದರ ಆ ಎರಡು ಸಂಚಿಕೆಗಳು ಮನೆಯಲ್ಲಿದ್ದವರು ವಿರಳ. ಹೋಮ್ಸನು ಪುಸ್ತಕದ ಮುನ್ನುಡಿಯಲ್ಲಿ, ತಾನು ಹುಡುಗನಾಗಿದ್ದಾಗ ಬರೆದ ಕಂತುಗಳು 1831ರ ನವೆಂಬರ್ ಮತ್ತು 1832ರ ಫೆಬ್ರವರಿ ಸಂಚಿಕೆಗಳಲ್ಲಿವೆಯೆಂದು ಪ್ರಾಮಾಣಿಕವಾಗಿ ತಿಳಿಸಿ, ಅವುಗಳನ್ನು ಮಾತ್ರ ಅದರಲ್ಲಿ ಸೇರಿಸದೆ ಬಿಟ್ಟನು.